ನಾದಸಾಗರದ ಮುಳುಗುಗಾರ

ರೇಡಿಯೊ ಕೇಳುವಾಗ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ನಿಮ್ಮಲ್ಲಿ ಹಲವರಿಗೆ ಇದ್ದೀತು. ಚಲಚ್ಚಿತ್ರ ನೋಡಲು ಹೋಗಿ ಕಣ್ಣು ಮುಚ್ಚಿ ಕುಳಿತವರುಂಟೆ? ಈಜಿಪ್ಟಿನ ಅಮ್ಮಾರ್ ಅಲ್ ಶರೀಯಿ ಅವರಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಆದರೂ ಆ ದೇಶದ ಚಿತ್ರಗಳಿಗೆ, ಟೆಲಿವಿಷನ್ ಧಾರಾವಾಹಿಗಳಿಗೆ ಸಂಗೀತ ನೀಡಿದವರಲ್ಲಿ ಅವರದು ಮೊದಲ ಸಾಲಿನ ಹೆಸರು.

1948ರಲ್ಲಿ ಮಿನ್ಯಾ ಪ್ರಾಂತದ ಸಮಾಲೂತಿನಲ್ಲಿ ಅವರ ಜನನ. 1970ರಲ್ಲಿ ಕೈರೋದ ಐನ್ ಶಮ್ಸ್ ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದರು. ಜೀವನೋಪಾಯಕ್ಕೆ ಹಿಡಿದದ್ದು ಮಾತ್ರ ಅಕಾರ್ಡಿಯನ್, ಬಳಿಕ ವಿದ್ಯುತ್ ಆರ್ಗನ್. ಇಲ್ಲಿಯೇ ತೊಡಕು. ಅರಬ್ಬರ ಮಕಾಮ್ ಎಂದರೆ ನಮ್ಮ ರಾಗಕ್ಕೆ ಹತ್ತಿರದ ಕಲ್ಪನೆ. ರಾಸ್ತ್ ಎಂಬ ಮಕಾಮಿನ ಗಾಂಧಾರವು ನಮ್ಮ ಸಾಧಾರಣ, ಅಂತರ ಗಾಂಧಾರಗಳೆರಡರ ನಡುವೆ ನಿಲ್ಲುತ್ತದೆ. ಊದ್ ವಾದ್ಯಕ್ಕೆ ಮೆಟ್ಟುಗಳಿಲ್ಲ. ಬೆರಳು ಕೊಂಚ ಜಾರಿಸಿದರೆ ಆ ಸ್ವರ ಸಿಕ್ಕೀತು. ಪಾಶ್ಚಾತ್ಯ ಶ್ರುತಿಯ ಕೀಲಿಗಳಲ್ಲಿ ಅದನ್ನು ಎಲ್ಲಿ ಹುಡುಕಬೇಕು? (ನಮ್ಮ ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟಾಗ ಎತ್ತಿದ ಆಕ್ಷೇಪಗಳಲ್ಲಿ ಇಂಥದೂ ಒಂದು.) ಶರೀಯಿ ವಾದ್ಯವನ್ನು ದೂರ ತಳ್ಳಲಿಲ್ಲ. ಜಪಾನಿನ ತಯಾರಕರೊಡನೆ ಸೇರಿ ವಿದ್ಯುತ್ ವಾದ್ಯಗಳಲ್ಲಿ ಆ ಕಾಲುಸ್ವರಗಳಿಗೆ ಎಡೆ ಮಾಡಿಸಿದರು.

1979ರಲ್ಲಿ 'ಅಲ್ ಅಯ್ಯಾಮ್' ಧಾರಾವಾಹಿ ಬಂದಿತು. ಅದು ತಾಹಾ ಹುಸೇನರ ಆತ್ಮಕಥೆ. ಹುಸೇನರೂ ಮಿನ್ಯಾದವರೇ, ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡು, ಅಲ್ ಅಜ್ಹರ್‌ನಲ್ಲಿ ಓದಿ, ಮುಂದೆ ದೇಶದ ಶಿಕ್ಷಣ ಮಂತ್ರಿಗಳಾದವರು. ಸಯ್ಯದ್ ಹಿಜಾಬರು ಬರೆದ ಗೀತಗಳಿಗೆ ಶರೀಯಿ ಮಟ್ಟು ಹಾಕಿದರು, ಅಲಿ ಅಲ್ ಹಗ್ಗಾರ್ ಹಾಡಿದರು. ಆ ಕಥೆಯ ಕತ್ತಲೆಯನ್ನು ಈ ಸಂಯೋಜಕರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮಿಕ್ಕ ಚಿತ್ರಗಳ ಮಾತು ಬೇರೆ. 1986ರ 'ಅಲ್ ಬರೀ' ಚಿತ್ರದ ನಾಯಕ ಸೆರೆಮನೆ ಕಾಯುವ ಮುಗ್ಧ ರೈತಹುಡುಗ. ಅವನ ಮುಖ ಶರೀಯಿಯವರಿಗೆ ಕಂಡಿರಲಾರದು, ದನಿ ಕೇಳಿತ್ತು. ಅಷ್ಟರಿಂದಲೇ ಸಂಗೀತ ಹುಟ್ಟಬೇಕಾಗಿತ್ತು.

ಹಾಡುಗಾರರಿಗೂ ಅವರು ಬಹಳ ಮಟ್ಟುಗಳನ್ನು ಕೊಟ್ಟರು. 1980ರ ಸುಮಾರಿಗೆ 'ಗೆಳೆಯರು' ಎಂಬ ಹೆಸರಿನ ಗಾಯಕತಂಡ ಕಟ್ಟಿ ಹೊಸಬರನ್ನು ಮುಂದೆ ತಂದರು. ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುವುದು ಅವರ ಬಾನುಲಿಯ ಕೆಲಸ. 'ನಾದಸಾಗರದ ಮುಳುಗುಗಾರ' ಎಂಬ ಅರ್ಥದ ಹೆಸರುಳ್ಳ ಕಾರ್ಯಕ್ರಮವನ್ನು ವರ್ಷಗಟ್ಟಲೆ ನಡೆಸಿದರು. ಕೇಳುಗರು ಬಲ್ಲ ಹಾಡನ್ನೇ ಎತ್ತಿಕೊಂಡು, ಮಟ್ಟು ಎಲ್ಲಿ ಮಕಾಮ್ ಬದಲಿಸಿತು, ಏಕೆ ಬದಲಿಸಿತು ಎಂದು ಬಿಡಿಸಿ ತೋರಿಸುತ್ತಿದ್ದರು. 2012ರ ಡಿಸೆಂಬರಿನಲ್ಲಿ ಅವರು ಕೈರೋದಲ್ಲಿ ತೀರಿಕೊಂಡಾಗ, ಪತ್ರಿಕೆಗಳು ಅವರನ್ನು ನೆನೆದದ್ದು ಈ ಮುಳುಗುಗಾರನ ಹೆಸರಿನಿಂದಲೇ.