'ಹೌದು ಬುದ್ಧೀ' ಎಂಬ ಮಾತಿನ ಚರಿತ್ರೆ

"ಒಪ್ಕೊಂಡ್ಬಿಡು, ಸಣ್ಣ ಶಿಕ್ಷೆ ಕೊಟ್ಟು ಬಿಡ್ತಾರೆ." ಕೋರ್ಟಿನ ಜಗಲಿಯಲ್ಲಿ ಬಡವನ ಕಿವಿಗೆ ಬೀಳುವ ಮಾತಿದು. ಅವನ ಗುಡಿಸಲಲ್ಲಿ ತಾಮ್ರದ ಹಂಡೆ ಸಿಕ್ಕಿದೆ. ಕದ್ದ ಮಾಲು ಅನ್ನುತ್ತಾರೆ ಪೊಲೀಸರು. ಜಾಮೀನಿಗೆ ನಿಲ್ಲುವವರಿಲ್ಲ. ಕೂಲಿ ತಪ್ಪಿದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. "ಹೌದು ಬುದ್ಧೀ" ಅಂದುಬಿಡುತ್ತಾನೆ. ಆ ಒಂದು ಮಾತಿಗೆ ಮೇಲಿನ ಕೋರ್ಟಿನ ಬಾಗಿಲು ಮುಚ್ಚಿಕೊಳ್ಳುತ್ತದೆ.

ಈ ಬಾಗಿಲು ಹಾಕಿದವರು ಯಾರು? 1860ರ ದಂಡಸಂಹಿತೆಯ 411ನೇ ಕಲಮು ಕದ್ದ ಮಾಲು ಇಟ್ಟುಕೊಂಡವನಿಗೆ 3 ವರ್ಷದವರೆಗೆ ಜೈಲು ಎಂದಿತು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 412ನೇ ಕಲಮು ತಪ್ಪೊಪ್ಪಿದವನಿಗೆ ಅಪೀಲಿಲ್ಲ ಎಂದಿತು. ಶಿಕ್ಷೆ ಹೆಚ್ಚಾಯಿತು, ಶಿಕ್ಷೆ ಕಾನೂನಿಗೆ ಹೊರತು ಎಂದಷ್ಟೇ ಅವನು ಕೇಳಬಹುದು. ಬಿಳಿಯರು ಹೋದರು, ಕಲಮು ಉಳಿಯಿತು. 1973ರ ಕೋಡಿನಲ್ಲಿ ಅದು 375. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 416.

'ಹೌದು' ಎಲ್ಲರ ಬಾಯಲ್ಲೂ ಒಂದೇ ತೂಕದ್ದಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಕೆಲವು ಜಾತಿಗಳನ್ನು ಹುಟ್ಟಾ ಕಳ್ಳರೆಂದು ಬರೆದಿಟ್ಟಿತು. 1911ರಲ್ಲಿ ಅದು ಮುಂಬಯಿ, ಮದ್ರಾಸು ಪ್ರಾಂತ್ಯಗಳಿಗೂ ಬಂತು. ಹುಬ್ಬಳ್ಳಿಯ ಸೆಟ್ಲ್‌ಮೆಂಟಿನಲ್ಲಿ ಜನ ಹಾಜರಿ ಕೊಟ್ಟು ಬದುಕಿದರು. 1952ರಲ್ಲಿ ಕಾಯಿದೆ ಹೋಯಿತು, ಸಂಶಯದ ಕಣ್ಣು ಹೋಗಲಿಲ್ಲ. ಕಳವು ಎಲ್ಲೇ ಆಗಲಿ, ಮೊದಲು ತಡಕುವುದು ಇವರ ಗುಡಿಸಲನ್ನೇ. ಇಂದು ಬಿಡುಗಡೆಯ ಆಸೆಗೆ ಒಪ್ಪಿದ ತಪ್ಪು ನಾಳೆಗೆ ಉರುಲು: ದಂಡಸಂಹಿತೆಯ 75ನೇ ಕಲಮಿನಂತೆ ಒಮ್ಮೆ ಇಂಥ ಶಿಕ್ಷೆಯಾದವನು ಮತ್ತೆ ಸಿಕ್ಕರೆ 10 ವರ್ಷ, ಇಲ್ಲವೇ ಜೀವಾವಧಿಯವರೆಗೂ ಹೋಗಬಹುದಿತ್ತು. ಹೊಸ ನ್ಯಾಯ ಸಂಹಿತೆಯ 13ನೇ ಕಲಮಿನಲ್ಲೂ ಅದೇ ಇದೆ.

ಹಂಡೆ ಮನೆಯಲ್ಲಿತ್ತು ಅಂದಮಾತ್ರಕ್ಕೆ ಅಪರಾಧ ಒಪ್ಪಿದಂತಲ್ಲ, ಗೆಳೆಯರೇ. ಅದು ಕದ್ದದ್ದೆಂದು ಗೊತ್ತಿರಬೇಕು, ಇಲ್ಲವೇ ಹಾಗೆ ನಂಬಲು ಕಾರಣವಿರಬೇಕು. ಇದನ್ನು ತಿಳಿಯದೆ ಅಂದ 'ಹೌದು' ಯಾವ ಹೌದು?

ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ 1983ರಲ್ಲಿ ವರದಿಯಾದ ಒಂದು ಮೊಕದ್ದಮೆ ಇದೆ. ಅದು ಕಳವಿನದಲ್ಲ, ವಾಹನ ಅಪಘಾತದ್ದು. ಸಣ್ಣ ಶಿಕ್ಷೆಯ ಆಸೆ ತೋರಿಸಿ ತಪ್ಪೊಪ್ಪಿಸಿ, ಆಮೇಲೆ ಶಿಕ್ಷೆ ಏರಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದಿತು ಕೋರ್ಟು. ವಿಚಾರಣೆ ಹೊಸದಾಗಿ ನಡೆಯಲಿ ಎಂದಿತು. 1986ರ ಸುಖ್ ದಾಸ್ ತೀರ್ಪು, ಬಡವ ಬಾಯಿಬಿಟ್ಟು ಕೇಳದಿದ್ದರೂ ವಕೀಲರನ್ನು ಕೊಡುವುದು ಸರ್ಕಾರದ ಹೊಣೆ ಎಂದಿತು.

ಬಾಗಿಲು ಮುಚ್ಚಿದರೂ ಕಿಟಕಿಗಳಿವೆ. ಶಿಕ್ಷೆಯ ಮೇಲೆ ಸೆಷನ್ಸ್ ಕೋರ್ಟಿಗೆ ಅಪೀಲು, 30 ದಿನದೊಳಗೆ. ಒಪ್ಪಿಗೆಯೇ ಸರಿಯಿಲ್ಲ ಅನ್ನಲು ರಿವಿಜನ್, 90 ದಿನದೊಳಗೆ. ನಮ್ಮ ಕೇರಿಗಳಲ್ಲಿ ಎಷ್ಟು ಮಂದಿಗೆ ಈ ಲೆಕ್ಕ ಗೊತ್ತು?

ಮೇಷ್ಟ್ರೇ, ಮಕ್ಕಳಿಗೆ ಮಗ್ಗಿಯ ಜೊತೆ ಇದನ್ನೂ ಕಲಿಸಿ. "ಹೌದು ಬುದ್ಧೀ" ಅನ್ನುವ ಮೊದಲು "ನನಗೊಬ್ಬ ವಕೀಲರನ್ನ ಕೊಡಿ" ಅನ್ನಲಿ.