ಹಕ್ಕುದಾರನಾರು? ಭಾರತದ ಪೌರತ್ವ ಕಾನೂನಿನ ಚರಿತ್ರೆ ಮತ್ತು ಸಭೆಯ ಹೊಣೆ

ಯೆರೂಸಲೇಮಿನ ಕೋಟೆಯಲ್ಲಿ ಪೌಲನನ್ನು ಕೊರಡೆಗಳಿಂದ ಹೊಡೆಯಲು ಕಟ್ಟಿದ್ದಾಗ, ತಾನು ರೋಮಿನ ಪೌರನೆಂದು ಅವನು ತಿಳಿಸಿದನು. ಹೊಡೆಯಬೇಕಾದವರು ಕೂಡಲೇ ಹಿಂದೆ ಸರಿದರು. ಸಹಸ್ರಾಧಿಪತಿಯು ಬಹಳ ಹಣ ಕೊಟ್ಟು ಪಡೆದ ಸ್ಥಾನವು ಪೌಲನಿಗೆ ಹುಟ್ಟಿನಿಂದಲೇ ಬಂದಿತ್ತು (ಅ.ಕೃ. 22:24-29). ನಮ್ಮ ಕನ್ನಡ ಸತ್ಯವೇದವು ಇಲ್ಲಿ ‘ಹಕ್ಕುದಾರ’ ಎಂಬ ಪದವನ್ನು ಬಳಸುತ್ತದೆ. ಅದು ಒಳ್ಳೆಯ ಆಯ್ಕೆ. ಪೌರತ್ವವೆಂದರೆ ಕೊರಡೆಗೂ ಬೆನ್ನಿಗೂ ನಡುವೆ ನಿಲ್ಲುವ ಹಕ್ಕು. ಆ ಹೆಸರಿಲ್ಲದವರ ಬೆನ್ನಿಗೆ ಅಂಥ ಮರೆ ಇರಲಿಲ್ಲ. ಆದಕಾರಣ ಹಕ್ಕುದಾರನಾರು ಎಂದು ಒಂದು ದೇಶದ ಕಾನೂನು ನಿರ್ಣಯಿಸುವ ಬಗೆಯನ್ನು ಸಭೆಯು ಉದಾಸೀನದಿಂದ ನೋಡಲಾಗದು. ನಮ್ಮ ದೇಶವು ಈ ನಿರ್ಣಯವನ್ನು ಮಾಡುತ್ತಾ ಬಂದ ದಾರಿಯನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸೋಣ.

1949ರ ಆಗಸ್ಟ್ 10ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರು ಪೌರತ್ವದ ವಿಧಿಗಳನ್ನು ಸಂವಿಧಾನ ರಚನಾ ಸಭೆಯ ಮುಂದಿಟ್ಟರು. ಕರಡು ಸಮಿತಿಗೆ ಇಷ್ಟು ತಲೆನೋವು ತಂದ ವಿಧಿಗಳು ಬಹಳವಿಲ್ಲವೆಂದು ಅವರೇ ಒಪ್ಪಿಕೊಂಡರು. ದೇಶವಿಭಜನೆಯ ಗಾಯ ಇನ್ನೂ ಮಾಗಿರಲಿಲ್ಲ. ಲಕ್ಷಾಂತರ ಕುಟುಂಬಗಳು ಗಡಿ ದಾಟಿ ಬಂದಿದ್ದವು, ಅಷ್ಟೇ ಜನ ಹೋಗಿದ್ದರು, ಹೋದವರಲ್ಲಿ ಕೆಲವರು ಮರಳುತ್ತಿದ್ದರು. ಮರುದಿನ ಪಿ.ಎಸ್. ದೇಶಮುಖರು ಒಂದು ತಿದ್ದುಪಡಿಯನ್ನು ಸೂಚಿಸಿದರು. ಬೇರೆ ದೇಶದ ಪೌರನಲ್ಲದ ಪ್ರತಿಯೊಬ್ಬ ಹಿಂದೂವಿಗೂ ಸಿಖ್ಖನಿಗೂ, ಅವನು ಎಲ್ಲಿಯೇ ವಾಸವಾಗಿರಲಿ, ಭಾರತದ ಪೌರತ್ವಕ್ಕೆ ಅರ್ಹತೆಯಿರಬೇಕೆಂಬುದು ಅದರ ಸಾರ. ದುಃಖದಿಂದ ತುಂಬಿದ್ದ ಆ ದಿನಗಳಲ್ಲಿ ಈ ಮಾತು ಅನೇಕರ ಹೃದಯಕ್ಕೆ ತಾಗಿದ್ದರೆ ಆಶ್ಚರ್ಯವಿಲ್ಲ. ಆದರೂ ಸಭೆಯು ಅದನ್ನು ಅಂಗೀಕರಿಸಲಿಲ್ಲ.

ಅಂಗೀಕೃತವಾದ 5ನೆಯ ವಿಧಿಯು ಭಾರತದಲ್ಲಿ ನೆಲೆಸಿದವನ ವಿಷಯದಲ್ಲಿ ಮೂರು ಸಂಗತಿಗಳನ್ನು ಮಾತ್ರ ಕೇಳಿತು: ಅವನು ಈ ನೆಲದಲ್ಲಿ ಹುಟ್ಟಿದನೋ, ಅವನ ತಂದೆತಾಯಿಗಳಲ್ಲಿ ಒಬ್ಬರಾದರೂ ಇಲ್ಲಿ ಹುಟ್ಟಿದರೋ, ಅಥವಾ ಹಿಂದಿನ ಐದು ವರ್ಷಗಳಿಂದಲಾದರೂ ಇಲ್ಲಿ ವಾಸವಾಗಿದ್ದನೋ. ಇವುಗಳಲ್ಲಿ ಒಂದಿದ್ದರೆ ಸಾಕು. ಅವನು ಯಾವ ದೇವರನ್ನು ಆರಾಧಿಸುತ್ತಾನೆಂದು ವಿಧಿಯು ಕೇಳಲಿಲ್ಲ. ಪಾಕಿಸ್ತಾನದಿಂದ ಬಂದವರಿಗೂ ಅಲ್ಲಿಗೆ ಹೋಗಿ ಮರಳಿದವರಿಗೂ ಸಂಬಂಧಿಸಿದ 6 ಮತ್ತು 7ನೆಯ ವಿಧಿಗಳನ್ನು ಚರ್ಚಿಸುವಾಗ ಸದಸ್ಯರ ಮನಸ್ಸಿನಲ್ಲಿ ಮತದ ಲೆಕ್ಕವಿತ್ತೆಂಬುದು ನಿಜ. ಆದರೆ ಅದು ಕಾನೂನಿನ ಅಕ್ಷರಕ್ಕೆ ಇಳಿಯಲಿಲ್ಲ.

ಈ ತೀರ್ಮಾನದಲ್ಲಿ ನಮ್ಮವರಿಗೂ ಪಾಲಿತ್ತೆಂದು ನೆನೆಯುವುದು ಯುಕ್ತ. ಅದೇ ವರ್ಷದ ಮೇ ತಿಂಗಳಲ್ಲಿ, ಶಾಸನಸಭೆಗಳಲ್ಲಿ ಮತದ ಆಧಾರದ ಮೇಲೆ ಸ್ಥಾನಗಳನ್ನು ಕಾದಿರಿಸುವ ಏರ್ಪಾಡನ್ನು ಸಂವಿಧಾನ ರಚನಾ ಸಭೆಯು ಕೈಬಿಟ್ಟಿತು. ಅದರ ಉಪಾಧ್ಯಕ್ಷರಾಗಿದ್ದ ಕ್ರೈಸ್ತ ಮುಖಂಡ ಎಚ್.ಸಿ. ಮುಖರ್ಜಿಯವರೂ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರೂ ಈ ತ್ಯಾಗವನ್ನು ಸಮರ್ಥಿಸಿದರು. ಕ್ರೈಸ್ತನು ಕ್ರೈಸ್ತನೆಂಬ ಕಾರಣಕ್ಕಲ್ಲ, ಭಾರತೀಯನೆಂಬ ಕಾರಣಕ್ಕೆ ಸಮಾನನಾಗಿರಬೇಕೆಂಬ ಭರವಸೆಯೇ ಅದಕ್ಕೆ ಆಧಾರ.

ಮುಂದೆ 1955ರ ಪೌರತ್ವ ಅಧಿನಿಯಮವು, ಕೆಲವು ಅಪವಾದಗಳನ್ನು ಬಿಟ್ಟರೆ, 1950ರ ಜನವರಿ 26ರ ತರುವಾಯ ಈ ನೆಲದಲ್ಲಿ ಹುಟ್ಟಿದ ಪ್ರತಿ ಶಿಶುವನ್ನೂ ಪೌರನೆಂದಿತು. ಆ ಅಗಲವಾದ ಬಾಗಿಲು ಎರಡು ಹಂತಗಳಲ್ಲಿ ಕಿರಿದಾಯಿತು. 1986ರ ತಿದ್ದುಪಡಿಯ ಪ್ರಕಾರ, 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರು ಪೌರರಾಗಿರಬೇಕಾಯಿತು. 2003ರ ತಿದ್ದುಪಡಿಯು ಜಾರಿಗೆ ಬಂದ 2004ರ ಡಿಸೆಂಬರ್ 3ರಿಂದ, ಒಬ್ಬರು ಪೌರರಾಗಿದ್ದರೂ ಮತ್ತೊಬ್ಬರು ಅಕ್ರಮ ವಲಸಿಗರಾಗಿದ್ದರೆ ಮಗುವಿಗೆ ಹುಟ್ಟಿನ ಹಕ್ಕಿಲ್ಲ. ಹೀಗೆ ನೆಲದ ಸಾಕ್ಷ್ಯಕ್ಕಿಂತ ರಕ್ತಸಂಬಂಧದ ಮತ್ತು ಕಾಗದದ ಸಾಕ್ಷ್ಯವು ಹೆಚ್ಚು ತೂಕದ್ದಾಯಿತು. 2019ರ ಆಗಸ್ಟ್ 31ರಂದು ಅಸ್ಸಾಮಿನಲ್ಲಿ ಪ್ರಕಟವಾದ ಪೌರರ ನೋಂದಣಿಯಿಂದ 19 ಲಕ್ಷಕ್ಕೂ ಹೆಚ್ಚು ಜನರು ಹೊರಗುಳಿದಾಗ, ಕಾಗದವಿಲ್ಲದ ಬಡವನ ಪಾಡೇನೆಂದು ದೇಶವು ಕಂಡಿತು.

ಅದೇ ವರ್ಷದ ಡಿಸೆಂಬರಿನ ತಿದ್ದುಪಡಿಯು ಇನ್ನೊಂದು ಹೆಜ್ಜೆಯನ್ನಿಟ್ಟಿತು. ಅಫಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ 2014ರ ಡಿಸೆಂಬರ್ 31ರ ಒಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರಸಿ ಮತ್ತು ಕ್ರೈಸ್ತರನ್ನು ಅಕ್ರಮ ವಲಸಿಗರೆಂದು ಎಣಿಸದೆ, ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು 11 ವರ್ಷಗಳಿಂದ 5ಕ್ಕೆ ಇಳಿಸಿತು. ಇದರ ನಿಯಮಗಳು 2024ರ ಮಾರ್ಚಿನಲ್ಲಿ ಹೊರಬಿದ್ದವು. ಈ ಕಾನೂನು ಯಾರ ಪೌರತ್ವವನ್ನೂ ಕಸಿಯುವುದಿಲ್ಲ, ನೊಂದವರಿಗೆ ಆಶ್ರಯ ನೀಡುತ್ತದೆ ಎಂಬ ಸಮರ್ಥನೆಯನ್ನು ನಾವು ಲಘುವಾಗಿ ತಳ್ಳಿಹಾಕಬಾರದು. ಪಾಕಿಸ್ತಾನದಲ್ಲಿ ದೇವದೂಷಣೆಯ ಆರೋಪದಿಂದ ನಮ್ಮ ಸಹೋದರರು ಪಟ್ಟ ಕಷ್ಟವು ಕಲ್ಪಿತವಲ್ಲ.

ಆದರೂ ಆ ಪಟ್ಟಿಯಲ್ಲಿ ‘ಕ್ರೈಸ್ತ’ ಎಂಬ ನಮ್ಮ ಹೆಸರನ್ನು ಓದುವಾಗ ನಾವು ಎಚ್ಚರದಿಂದಿರಬೇಕು. 1949ರಲ್ಲಿ ಕಾನೂನಿನ ಅಕ್ಷರವು ಒಪ್ಪದ ಅಳತೆಗೋಲು 70 ವರ್ಷಗಳ ತರುವಾಯ ಅದರೊಳಗೆ ಬಂದಿತು, ಅದೂ ನಮ್ಮನ್ನು ಒಳಗಿಟ್ಟುಕೊಂಡು. ಆದರೆ ಆ ಅಳತೆಗೋಲು ನಮ್ಮವರೆಲ್ಲರನ್ನೂ ಕಾಯುವುದಿಲ್ಲ. 2021ರ ಸೈನಿಕ ದಂಗೆಯ ಬಳಿಕ ಮ್ಯಾನ್ಮಾರಿನಿಂದ ಮಿಜೋರಮಿಗೆ ಓಡಿಬಂದ ಚಿನ್ ಜನರಲ್ಲಿ ಬಹುಪಾಲು ಕ್ರೈಸ್ತರು. 1983ರಿಂದೀಚೆಗೆ ತಮಿಳುನಾಡಿನ ಶಿಬಿರಗಳನ್ನು ಸೇರಿದ ಶ್ರೀಲಂಕಾದ ತಮಿಳರಲ್ಲಿ ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಇವರಾರೂ ಈ ತಿದ್ದುಪಡಿಯ ವ್ಯಾಪ್ತಿಗೆ ಬರುವುದಿಲ್ಲ. ಪಾಕಿಸ್ತಾನದಲ್ಲಿ ತನ್ನ ನಂಬಿಕೆಗಾಗಿ ಹಿಂಸೆಗೊಳಗಾದ ಅಹ್ಮದಿಯನೂ ಬರುವುದಿಲ್ಲ.

ಇಸ್ರಾಯೇಲ್ಯರು ಐಗುಪ್ತದಲ್ಲಿ ಪರದೇಶಿಗಳಾಗಿದ್ದುದನ್ನು ನೆನಪಿಗೆ ತಂದೇ ಧರ್ಮಶಾಸ್ತ್ರವು ಪರದೇಶಿಯನ್ನು ಪ್ರೀತಿಸಬೇಕೆಂದು ಆಜ್ಞಾಪಿಸಿತು (ಯಾಜ. 19:34). ಆ ಆಜ್ಞೆಯು ಪರದೇಶಿಯ ಮತವನ್ನು ಮೊದಲು ವಿಚಾರಿಸಲಿಲ್ಲ. ದೇಶದ ಗಡಿಯನ್ನು ಕಾಯುವುದೂ ಪೌರತ್ವಕ್ಕೆ ಷರತ್ತು ವಿಧಿಸುವುದೂ ಸರಕಾರದ ನ್ಯಾಯವಾದ ಕೆಲಸವೆಂದು ನಾವು ಒಪ್ಪುತ್ತೇವೆ. ಆದರೆ ಪೌಲನು ತನ್ನ ಹಕ್ಕನ್ನು ಬಳಸಿದ್ದು ಸುವಾರ್ತೆಯ ಸೇವೆಗಾಗಿ. ಪಟ್ಟಿಯಲ್ಲಿರುವ ನಮ್ಮ ಹೆಸರನ್ನು ಪಟ್ಟಿಯಲ್ಲಿಲ್ಲದವನ ಪರವಾಗಿ ಮಾತಾಡಲು ಬಳಸದಿದ್ದರೆ, ಆ ಹೆಸರಿನಿಂದ ಸಭೆಗೆ ಬಂದ ಲಾಭವೇನು? ಮೇ 1949ರಲ್ಲಿ ನಮ್ಮ ಹಿರಿಯರು ತಮ್ಮ ಪಾಲಿನ ವಿಶೇಷ ಸ್ಥಾನವನ್ನು ಬಿಟ್ಟುಕೊಟ್ಟು ಈ ಪ್ರಶ್ನೆಗೆ ಒಮ್ಮೆ ಉತ್ತರ ಕೊಟ್ಟರು. ಅದನ್ನು ನಮ್ಮ ಸಭೆಗಳಲ್ಲಿ ಬೋಧಿಸುವುದೂ, ಕಾಗದಪತ್ರಗಳಿಲ್ಲದೆ ನಮ್ಮ ಬಾಗಿಲಿಗೆ ಬರುವವನ ಪಕ್ಕದಲ್ಲಿ ನಿಲ್ಲುವುದೂ ಈಗ ನಮ್ಮ ಪಾಲಿಗೆ ಬಂದ ಕೆಲಸ.