ನೋಮ್ಯಾಡ್‌ಲ್ಯಾಂಡ್

ನೋಮ್ಯಾಡ್‌ಲ್ಯಾಂಡ್ 2020ರಲ್ಲಿ ಮೊದಲ ಪ್ರದರ್ಶನ ಕಂಡ ಅಮೆರಿಕದ ಚಲನಚಿತ್ರ. ಬೀಜಿಂಗ್‌ನಲ್ಲಿ ಹುಟ್ಟಿದ ಕ್ಲೋಯಿ ಝಾವೊ ಇದರ ಚಿತ್ರಕಥೆ, ನಿರ್ದೇಶನ, ಸಂಕಲನ ಮೂರನ್ನೂ ನಿರ್ವಹಿಸಿದ್ದಾರೆ. ಪತ್ರಕರ್ತೆ ಜೆಸ್ಸಿಕಾ ಬ್ರೂಡರ್ 2017ರಲ್ಲಿ ಪ್ರಕಟಿಸಿದ, 2008ರ ಆರ್ಥಿಕ ಕುಸಿತದ ನಂತರದ ವರ್ಷಗಳಲ್ಲಿ ಮನೆ ಉಳಿಸಿಕೊಳ್ಳಲಾಗದೆ ವ್ಯಾನುಗಳಲ್ಲೇ ಸಂಸಾರ ಹೂಡಿ, ಹಂಗಾಮಿನ ಕೂಲಿಯನ್ನು ಅರಸಿ ರಾಜ್ಯದಿಂದ ರಾಜ್ಯಕ್ಕೆ ಸಾಗುವ ಹಿರಿಯರನ್ನು ಕುರಿತ ಕೃತಿ ಇದಕ್ಕೆ ಆಧಾರ. ಆ ಕೃತಿಯಲ್ಲಿಲ್ಲದ ಫರ್ನ್ ಎಂಬ ವಿಧವೆಯ ಪಾತ್ರವನ್ನು ಚಿತ್ರಕ್ಕೆಂದೇ ಸೃಷ್ಟಿಸಲಾಗಿದ್ದು, ಫ್ರಾನ್ಸಿಸ್ ಮೆಕ್‌ಡೋರ್ಮಂಡ್ ಅದನ್ನು ನಿರ್ವಹಿಸಿದ್ದಾರೆ.

ಕಥೆ ನೆವಾಡಾ ರಾಜ್ಯದ ಎಂಪೈರ್‌ನಿಂದ ಹೊರಡುತ್ತದೆ. ಇದು ವಾಸ್ತವವಾಗಿ ಇದ್ದ ಕಂಪನಿ ಪಟ್ಟಣ, ಅಂದರೆ ಮನೆಗಳೂ ಕಾರ್ಖಾನೆಯ ಒಡೆತನದಲ್ಲೇ ಇರುವ ವಸತಿ. ಗೋಡೆಹಲಗೆ ತಯಾರಿಕೆಗೆ ಬೇಕಾದ ಜಿಪ್ಸಂ ಎಂಬ ಖನಿಜವನ್ನು ಸಂಸ್ಕರಿಸುತ್ತಿದ್ದ ಅಲ್ಲಿನ ಕಾರ್ಖಾನೆ 2011ರಲ್ಲಿ ಮುಚ್ಚಿದಾಗ ಜನರು ಊರು ಬಿಡಬೇಕಾಯಿತು. ಊರಿನ ಅಂಚೆ ಸಂಕೇತ 89405 ಕೂಡ ರದ್ದಾಯಿತು. ಗಂಡ ಬೋ ತೀರಿಕೊಂಡ ಮೇಲೂ ಫರ್ನ್ ಅಲ್ಲೇ ಉಳಿದಿದ್ದಳು. ತಂದೆತಾಯಿಯಾಗಲಿ ಮಕ್ಕಳಾಗಲಿ ಇಲ್ಲದ ಆತನ ಊರನ್ನು ತಾನೂ ತೊರೆದರೆ ಆತ ಬದುಕಿದ್ದುದಕ್ಕೆ ಗುರುತೇ ಉಳಿಯದೆಂಬ ಅಳುಕು ಅವಳದು. ಹೀಗೆ ಗಂಡನನ್ನು ಕಳೆದುಕೊಂಡ ದುಃಖವೂ ನೆಲೆಯನ್ನು ಕಳೆದುಕೊಂಡ ದುಃಖವೂ ಒಂದರಿಂದೊಂದು ಬಿಡಿಸಲಾಗದಂತೆ ಹೆಣೆದುಕೊಂಡಿರುವುದೇ ಈ ಚಿತ್ರದ ನಿಜವಾದ ಸತ್ವ. ಅಮೆಜಾನ್ ಗೋದಾಮಿನಲ್ಲಿ ಪೊಟ್ಟಣ ಕಟ್ಟುತ್ತ, ನೆಬ್ರಾಸ್ಕಾದಲ್ಲಿ ಸಕ್ಕರೆ ಬೀಟ್ ಕೊಯ್ಲಿನ ಕೆಲಸಕ್ಕೆ ಹೋಗುತ್ತ, ಶಿಬಿರತಾಣಗಳನ್ನು ಶುಚಿಗೊಳಿಸುತ್ತ ಸಾಗುವ ಫರ್ನ್‌ಗೆ ತಂಗಲು ಕರೆಯುವವರು ಇಲ್ಲದಿಲ್ಲ. ತಂಗಿಯ ಮನೆಯಲ್ಲೂ, ಡೇವ್ ಎಂಬ ಸಹಪಯಣಿಗನ ಮಗನ ಮನೆಯಲ್ಲೂ ಅವಳಿಗೆ ಜಾಗವಿದೆ. ಆದರೂ ಎರಡನ್ನೂ ಒಲ್ಲೆನೆಂದು ಅವಳು ಮತ್ತೆ ರಸ್ತೆಗಿಳಿಯುವುದರಿಂದ, ಬಡತನವೊಂದೇ ಈ ಅಲೆದಾಟಕ್ಕೆ ಕಾರಣವೆಂದು ಹೇಳಲಾಗದು.

ಡೇವ್ ಆಗಿ ನಟಿಸಿರುವ ಡೇವಿಡ್ ಸ್ಟ್ರಾಥೇರ್ನ್ ಮುಂತಾದ ಕೆಲವರನ್ನು ಬಿಟ್ಟರೆ ತೆರೆಯ ಮೇಲಿರುವವರಲ್ಲಿ ಬಹುಮಂದಿ ವೃತ್ತಿಕಲಾವಿದರಲ್ಲ. ಬ್ರೂಡರ್ ಕೃತಿಯಲ್ಲಿ ಬರುವ ಲಿಂಡಾ ಮೇ, ಸ್ವ್ಯಾಂಕಿ ಮತ್ತು ಅರಿಜೋನಾದ ಕ್ವಾರ್ಟ್ಸ್‌ಸೈಟ್ ಮರುಭೂಮಿಯಲ್ಲಿ ವ್ಯಾನುವಾಸಿಗಳ ವಾರ್ಷಿಕ ಸಮಾವೇಶವನ್ನು ಆರಂಭಿಸಿದ ಬಾಬ್ ವೆಲ್ಸ್ ತಮ್ಮ ಹೆಸರಿನಲ್ಲೇ ಕಾಣಿಸಿಕೊಂಡಿದ್ದಾರೆ. ಮಗನನ್ನು ಕಳೆದುಕೊಂಡ ತಂದೆಯಾಗಿ ವೆಲ್ಸ್ ಆಡುವ ಮಾತು ಅವರ ಸ್ವಂತ ಬದುಕಿನದಾದರೆ, ಸ್ವ್ಯಾಂಕಿ ತೆರೆಯ ಮೇಲೆ ಎದುರಿಸುವ ಮಾರಕ ಕಾಯಿಲೆ ಕಥೆಗಾಗಿ ಹೆಣೆದದ್ದು. ಸಾಕ್ಷ್ಯಚಿತ್ರವೂ ಕಲ್ಪನೆಯೂ ಬೆರೆಯುವ ಈ ವಿಧಾನವನ್ನು ಝಾವೊ 2017ರ ‘ದಿ ರೈಡರ್’ ಚಿತ್ರದಲ್ಲೇ ಪಳಗಿಸಿಕೊಂಡಿದ್ದರು. ಛಾಯಾಗ್ರಾಹಕ ಜೋಶುವಾ ಜೇಮ್ಸ್ ರಿಚರ್ಡ್ಸ್ ಬಹುಮಟ್ಟಿಗೆ ಸಹಜ ಬೆಳಕನ್ನೇ, ಅದರಲ್ಲೂ ಮುಂಜಾವು ಮುಸ್ಸಂಜೆಗಳ ಮಂದ ಬೆಳಕನ್ನು ನೆಚ್ಚಿದ್ದಾರೆ. ಇಟಲಿಯ ಲುಡೊವಿಕೊ ಎಯ್ನೌಡಿ ಮೊದಲೇ ರಚಿಸಿದ್ದ ಪಿಯಾನೊ ಕೃತಿಗಳನ್ನು ಹಿನ್ನೆಲೆಗೆ ಬಳಸಿಕೊಳ್ಳಲಾಗಿದೆ.

ಚಿತ್ರಕ್ಕೆ 2020ರ ಸೆಪ್ಟೆಂಬರ್‌ನಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪುರಸ್ಕಾರವಾದ ಗೋಲ್ಡನ್ ಲಯನ್ ದೊರೆಯಿತು. ಏಪ್ರಿಲ್ 2021ರ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ ಮತ್ತು ನಟಿ ಪ್ರಶಸ್ತಿಗಳು ಸಂದವು. ನಿರ್ದೇಶನಕ್ಕೆ ಆಸ್ಕರ್ ಪಡೆದ ಮಹಿಳೆಯರಲ್ಲಿ ಝಾವೊ ಎರಡನೆಯವರು, ಏಷ್ಯಾ ಮೂಲದ ಮಹಿಳೆಯರಲ್ಲಿ ಮೊದಲಿಗರು. ಆದರೆ ಝಾವೊ ಹಿಂದೊಮ್ಮೆ ತಾಯ್ನಾಡಿನ ಬಗ್ಗೆ ಆಡಿದ್ದ ಟೀಕೆಯ ಮಾತುಗಳು ಹೊರಬಂದಾಗ ಚೀನಾದಲ್ಲಿ ಆಕ್ರೋಶ ಎದ್ದು, ಅಲ್ಲಿನ ಸಾಮಾಜಿಕ ಜಾಲತಾಣಗಳಲ್ಲಿ ಈ ಗೆಲುವಿನ ಸುದ್ದಿಗೆ ಕತ್ತರಿ ಬಿತ್ತು.

ವಿಮರ್ಶಕರ ಬಹುಮತದ ಮೆಚ್ಚುಗೆಯ ನಡುವೆಯೂ ಒಂದು ಆಕ್ಷೇಪ ಗಟ್ಟಿಯಾಗಿ ಕೇಳಿಬಂದಿತು. ಗೋದಾಮುಗಳಲ್ಲಿ ದಿನವಿಡೀ ಮೈಲಿಗಟ್ಟಲೆ ನಡೆದು, ನೋವುಮಾತ್ರೆ ನುಂಗಿ ದುಡಿಯುವ ವೃದ್ಧರನ್ನು ಬ್ರೂಡರ್ ವಿವರವಾಗಿ ತೋರಿಸಿದ್ದರೆ, ನಿಜವಾದ ಅಮೆಜಾನ್ ಗೋದಾಮಿನೊಳಗೇ ಚಿತ್ರೀಕರಣಗೊಂಡ ಝಾವೊ ಅವರ ದೃಶ್ಯಗಳಲ್ಲಿ ಆ ಶೋಷಣೆಯ ಬಿಸಿ ತಾಗುವುದಿಲ್ಲ ಎಂಬುದು ಅದರ ತಿರುಳು. ಈ ಆಕ್ಷೇಪ ನ್ಯಾಯವಾದದ್ದೇ. ಒಬ್ಬ ಹೆಣ್ಣಿನ ಅಗಲಿಕೆಯ ನೋವನ್ನು ಅಷ್ಟು ಹತ್ತಿರದಿಂದ ನೋಡಿದ ಕ್ಯಾಮೆರಾ ಅವಳ ಕೂಲಿಯ ಲೆಕ್ಕವನ್ನು ಅಷ್ಟೇ ನಿಕಟವಾಗಿ ನೋಡಿಲ್ಲ.